ಸೊಸೈಟಿ ಮೀಟಿಂಗ್‌ನಲ್ಲಿ ಕಸ, ನೀರಿನ ಬಗ್ಗೆ ಮಾತಾಡಲು ಇಂಗ್ಲಿಷ್ ಪದ ಬೇಕು, ಸಹಾಯ ಮಾಡಿ

ಡೊಂಬಿವಲಿ ಅಕ್ಕ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಗದಗ ಕಡೆ. ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಹತ್ತೊಂಬತ್ತು ವರ್ಷ ಆಯಿತು. ಓದಿದ್ದೆಲ್ಲ ಕನ್ನಡ ಮೀಡಿಯಂ. ಮರಾಠಿ, ಹಿಂದಿ ಸರಾಗವಾಗಿ ಬರುತ್ತದೆ. ಇಂಗ್ಲಿಷ್ ಓದಿದರೆ ತಿಳಿಯುತ್ತದೆ, ಮಾತಾಡಲು ಹೋದರೆ ಪದ ಸಿಗುವುದಿಲ್ಲ.

ನಮ್ಮ ಸೊಸೈಟಿಯಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುವ ಎರಡು ದೊಡ್ಡ ಡ್ರಮ್ ಇವೆ. ಎಂಟು ತಿಂಗಳಿಂದ ನಾನೂ ಇನ್ನಿಬ್ಬರು ಹೆಂಗಸರೂ ಅದನ್ನು ನೋಡಿಕೊಳ್ಳುತ್ತಿದ್ದೇವೆ. ಮಳೆ ಶುರುವಾದ ಮೇಲೆ ಡ್ರಮ್ಮಿನ ಅಡಿಯಿಂದ ಕಪ್ಪು ನೀರು ಬರುತ್ತಿದೆ. ವಾಸನೆಯೂ ಇದೆ. ಯಾಕೆ ಎಂದು ನನಗೆ ಗೊತ್ತು. ಉಳಿದ ಸಾರು, ದಾಲ್, ಮಜ್ಜಿಗೆ ಎಲ್ಲವನ್ನೂ ಬಸಿಯದೆ ಹಾಗೇ ಸುರಿಯುತ್ತಾರೆ. ಮೇಲೆ ಒಣ ಎಲೆ ಹಾಕಿ ಅಂದರೆ ಹಾಕುವುದಿಲ್ಲ.

ಹೋದ ಭಾನುವಾರ ಮೀಟಿಂಗ್ ಇತ್ತು. ನಮ್ಮಲ್ಲಿ ತಮಿಳರು, ಬಂಗಾಳಿಗಳು, ಮಲಯಾಳಿಗಳು ಜಾಸ್ತಿ. ಹಾಗಾಗಿ ಮೀಟಿಂಗ್ ಇಂಗ್ಲಿಷ್‌ನಲ್ಲೇ ನಡೆಯುತ್ತದೆ. ನಾನು ಎದ್ದು ನಿಂತು 'ಡರ್ಟಿ ವಾಟರ್ ಈಸ್ ಕಮಿಂಗ್, ಲೀಕೇಜ್' ಎಂದೆ. ಅಷ್ಟೇ ಬಂತು. ಸೆಕ್ರೆಟರಿ ಅದನ್ನು ಡ್ರೈನೇಜ್ ಲೀಕೇಜ್ ಅಂತ ಬರೆದುಕೊಂಡರು. ಬುಧವಾರ ಪ್ಲಂಬರ್ ಬಂದು ಡ್ರಮ್ಮಿನ ಪಕ್ಕದ ಚೇಂಬರ್ ಒಡೆದ. ಏನೂ ಸಿಗಲಿಲ್ಲ. 2,200 ರೂಪಾಯಿ ಬಿಲ್ ಆಯಿತು. ಈಗ ಕೆಲವರು 'ಡ್ರಮ್ಮೇ ಬೇಡ, ತೆಗೆದುಬಿಡೋಣ' ಅನ್ನುತ್ತಿದ್ದಾರೆ. ಇನ್ನು ಮೂರು ವಾರಕ್ಕೆ ಮತ್ತೆ ಮೀಟಿಂಗ್ ಇದೆ.

ಎಂಟು ತಿಂಗಳ ಕೆಲಸ ಒಂದು ಪದ ಗೊತ್ತಿಲ್ಲದ್ದಕ್ಕೆ ಹೋಗಬಾರದು. ಕಸ, ನೀರು, ಕರೆಂಟು ಇವುಗಳ ಬಗ್ಗೆ ಸರಿಯಾಗಿ ಮಾತಾಡಲು ಬೇಕಾದ ಪದಗಳನ್ನು ಹೇಳಿಕೊಡಿ. ಮೊದಲು ಆ ಕಪ್ಪು ನೀರಿಗೆ ಏನನ್ನುತ್ತಾರೆ?

ಮುಲುಂಡ್ ಮೇಷ್ಟ್ರು:

ಅಕ್ಕ, ಆ ನೀರಿಗೆ ಲೀಚೇಟ್ ಎನ್ನುತ್ತಾರೆ. ಕಸದೊಳಗಿಂದ ಇಳಿದು, ಅದರ ರಸವನ್ನೆಲ್ಲ ಹೊತ್ತುಕೊಂಡು ಕೆಳಗೆ ಬರುವ ನೀರು. 'ಲೀ' ಎಳೆದು ಹೇಳಿ, ಆಮೇಲೆ 'ಚೇಟ್'. ನಮ್ಮ ಮುಲುಂಡ್ ಡಂಪಿಂಗ್ ಗ್ರೌಂಡ್ 2018ರಲ್ಲಿ ಮುಚ್ಚುವವರೆಗೂ ಈ ಪದ ಪೇಪರಿನಲ್ಲಿ ಬರುತ್ತಲೇ ಇತ್ತು. ಪದ ಓದುವ ಮೊದಲು ವಾಸನೆಯಿಂದಲೇ ಅದರ ಪರಿಚಯ ನಮಗಾಗಿತ್ತು.

ನಾನು ರಾತ್ರಿ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಇಂಗ್ಲಿಷ್ ಕಲಿಸಿದ್ದೇನೆ. ಹಗಲು ಹೋಟೆಲಿನಲ್ಲಿ ದುಡಿದು ಬರುತ್ತಿದ್ದ ಹುಡುಗರಿಗೆ. ಆ ಅನುಭವದಿಂದ ಹೇಳುತ್ತೇನೆ, ನಿಮಗೆ ಪದ ಕಡಿಮೆ ಇಲ್ಲ. ಕನ್ನಡದಲ್ಲಿ ನಿಮ್ಮ ಹತ್ತಿರ ಇರುವ ಪದಗಳು ಎಷ್ಟೋ ಕಡೆ ಇಂಗ್ಲಿಷಿಗಿಂತ ಹರಿತವಾಗಿವೆ. ಒಂದೊಂದಕ್ಕೂ ಜೋಡಿ ಹುಡುಕಿಕೊಂಡರೆ ಸಾಕು.

ವೇಸ್ಟ್ ಅನ್ನುವುದನ್ನೇ ತೆಗೆದುಕೊಳ್ಳಿ. ನಮಗೆ ಕಸ ಬೇರೆ, ಪೋಲು ಬೇರೆ. ಬಾಳೆಹಣ್ಣಿನ ಸಿಪ್ಪೆ ಕಸ. ನಲ್ಲಿ ಬಿಟ್ಟು ಹಲ್ಲುಜ್ಜಿದರೆ ನೀರು ಪೋಲು. ಇಂಗ್ಲಿಷಿನವರು ಎರಡಕ್ಕೂ ವೇಸ್ಟ್ ಅನ್ನುತ್ತಾರೆ. ಹಾಗಾಗಿ ನೀವು ಬರೀ 'ಫುಡ್ ವೇಸ್ಟ್' ಎಂದರೆ ಕೇಳುವವರಿಗೆ ಎರಡು ಅರ್ಥ ಬರುತ್ತದೆ. ಸಿಪ್ಪೆ, ಬೀಜ, ಚಹಾದ ಚರಟ ಅಂತ ಹೇಳಬೇಕಿದ್ದರೆ 'ಕಿಚನ್ ಸ್ಕ್ರ್ಯಾಪ್ಸ್' ಅನ್ನಿ. ತಟ್ಟೆಯಲ್ಲಿ ಬಿಟ್ಟ ಅನ್ನ ಅನ್ನಬೇಕಿದ್ದರೆ 'ವೇಸ್ಟೆಡ್ ಫುಡ್' ಅನ್ನಿ. ಗೊಂದಲ ಇರುವುದಿಲ್ಲ.

ಇನ್ನು ವೇಸ್ಟೇಜ್. ನಮ್ಮ ಜನ ಎಲ್ಲದಕ್ಕೂ ಇದನ್ನೇ ಬಳಸುತ್ತಾರೆ. ಚಿನ್ನದ ಅಂಗಡಿಯಲ್ಲಿ ಬಿಲ್ ಮಾಡುವಾಗ ಮೇಕಿಂಗ್, ವೇಸ್ಟೇಜ್ ಅಂತ ಹಾಕುತ್ತಾರಲ್ಲ, ಅದೇ ಸರಿಯಾದ ಜಾಗ. ಕೆಲಸ ನಡೆಯುವಾಗ ತಾನಾಗಿ ಕಳೆದುಹೋಗುವ ಪಾಲು ವೇಸ್ಟೇಜ್. ಮನೆಯ ಕಸ ಎಂದಿಗೂ ವೇಸ್ಟೇಜ್ ಅಲ್ಲ. ಇನ್ನೊಂದು ಮಾತು, ಕಸದ ಅರ್ಥದ ವೇಸ್ಟ್ ಪದವನ್ನು ಎಣಿಸುವುದಿಲ್ಲ. 'ಟೂ ಮೆನಿ ವೇಸ್ಟ್ಸ್' ಅನ್ನಬೇಡಿ, 'ಟೂ ಮಚ್ ವೇಸ್ಟ್' ಅನ್ನಿ. ಗಾರ್ಬೇಜ್, ಪೊಲ್ಯೂಷನ್ ಪದಗಳಿಗೂ ಇದೇ ಲೆಕ್ಕ.

ಮೀಟಿಂಗಿಗೆ ಸದ್ಯಕ್ಕೆ ಮೂರು ವಾಕ್ಯ ಸಾಕು. 'ದಿಸ್ ಈಸ್ ನಾಟ್ ಎ ಪ್ಲಂಬಿಂಗ್ ಲೀಕ್. ಇಟ್ ಈಸ್ ಲೀಚೇಟ್ ಫ್ರಮ್ ದ ವೆಟ್ ವೇಸ್ಟ್. ಪ್ಲೀಸ್ ಡ್ರೇನ್ ದ ಲಿಕ್ವಿಡ್ ಬಿಫೋರ್ ಯು ಪುಟ್ ಇಟ್ ಇನ್.' ಅಡುಗೆ ಮನೆಯಲ್ಲಿ ದಿನಾ ಹತ್ತು ಸಲ ಜೋರಾಗಿ ಹೇಳಿ. ಮನಸ್ಸಿನಲ್ಲಿ ಹೇಳಿಕೊಂಡರೆ ಪ್ರಯೋಜನವಿಲ್ಲ.

ವಾಕಡ್ ಎಂಜಿನಿಯರ್:

ನಮಸ್ಕಾರ ಮೇಡಂ. ಪರಿಸರ ವಿಷಯದ ಇನ್ನೂರು ಪದಗಳ ಪಟ್ಟಿ ನನ್ನ ಹತ್ತಿರ ಇದೆ. ದಿನಕ್ಕೆ ಹತ್ತು ಕಲಿತರೆ ಮೂರು ವಾರಕ್ಕೆ ಮುಗಿಯುತ್ತದೆ. ಕಳಿಸಲಾ?

ಡೊಂಬಿವಲಿ ಅಕ್ಕ:

ಮೇಷ್ಟ್ರೇ, ತುಂಬಾ ಉಪಕಾರ ಆಯಿತು. ಲೀಚೇಟ್ ಅಂತ ಗ್ಯಾಸ್ ಕಟ್ಟೆಯ ಮೇಲೆ ಬರೆದು ಅಂಟಿಸಿದ್ದೇನೆ. ನಾವು ಮೂವರು ಇಷ್ಟು ದಿನ ಅದಕ್ಕೆ 'ಡ್ರಮ್ಮಿನ ರಸ' ಅನ್ನುತ್ತಿದ್ದೆವು.

ಎಂಜಿನಿಯರ್ ತಮ್ಮ, ಪಟ್ಟಿ ಕಳಿಸು. ಆದರೆ ಒಂದು ಹೇಳುತ್ತೇನೆ, ಬೇಜಾರಾಗಬೇಡ. ನನ್ನ ಮಗಳ ಪುಸ್ತಕದಲ್ಲೂ ಅಂಥ ಪಟ್ಟಿ ಇದೆ. ಓಜೋನ್, ಗ್ರೀನ್‌ಹೌಸ್, ಗ್ಲೇಸಿಯರ್ ಎಲ್ಲ ಇದೆ. ಅವಳು ಪರೀಕ್ಷೆಯಲ್ಲಿ ಬರೆಯುತ್ತಾಳೆ. ನಮ್ಮ ಡ್ರಮ್ಮಿನ ಹತ್ತಿರ ನಿಂತರೆ ಆ ಪಟ್ಟಿಯ ಒಂದು ಪದವೂ ನೆನಪಾಗುವುದಿಲ್ಲ. ನನಗೆ ಕಣ್ಣೆದುರು ಇರುವುದರಿಂದ ಶುರು ಮಾಡಬೇಕು.

ಈಗ ಒಂದು ಪ್ರಶ್ನೆ. ಸೋರುವುದು, ತೊಟ್ಟಿಕ್ಕುವುದು, ಒಸರುವುದು ಮೂರೂ ಬೇರೆ ಬೇರೆ ಅಲ್ವಾ? ಇಲ್ಲಿ ಮೂರಕ್ಕೂ ಲೀಕೇಜ್ ಅನ್ನುತ್ತಾರೆ. ನಮ್ಮ ಬೆಡ್‌ರೂಮಿನ ಗೋಡೆ ಮಳೆಗಾಲದಲ್ಲಿ ಒಸರುತ್ತದೆ. ಅದಕ್ಕೂ ಪ್ಲಂಬರನ್ನೇ ಕಳಿಸುತ್ತಾರೆ.

ಮುಲುಂಡ್ ಮೇಷ್ಟ್ರು:

ಬಹಳ ಒಳ್ಳೆಯ ಪ್ರಶ್ನೆ. ಇಂಗ್ಲಿಷಿನಲ್ಲೂ ಮೂರೂ ಬೇರೆಯೇ. ಸೋರುವುದು ಲೀಕ್. ಪೈಪ್ ಒಡೆದಿದೆ, ಟ್ಯಾಂಕ್ ಬಿರಿದಿದೆ. ತೊಟ್ಟಿಕ್ಕುವುದು ಡ್ರಿಪ್. ನಲ್ಲಿಯ ವಾಷರ್ ಸವೆದಿದೆ. ಒಸರುವುದು ಸೀಪ್, ಅದರಿಂದ ಸೀಪೇಜ್. ನೀರು ಗೋಡೆಯ ಒಳಗಿಂದ ಜಿನುಗುತ್ತಿದೆ. ಇದಕ್ಕೆ ಪ್ಲಂಬರ್ ಅಲ್ಲ, ವಾಟರ್‌ಪ್ರೂಫಿಂಗ್‌ನವನು ಬೇಕು. ಸರಿಯಾದ ಪದ ಹೇಳಿದರೆ ಸರಿಯಾದ ಮನುಷ್ಯ ಬರುತ್ತಾನೆ.

ಡ್ರಿಪ್ ವಿಷಯ ಬಂತಲ್ಲ, ಹೋದ ವರ್ಷ ನಾನೇ ಅಳೆದು ನೋಡಿದೆ. ರಾತ್ರಿ ಹತ್ತಕ್ಕೆ ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರಿನ ಹಿತ್ತಾಳೆ ಚೊಂಬು ಇಟ್ಟೆ. ಸೆಕೆಂಡಿಗೆ ಒಂದು ಹನಿ. ಬೆಳಿಗ್ಗೆ ಆರಕ್ಕೆ ನೋಡಿದರೆ ತುಂಬಿ ಚೆಲ್ಲಿತ್ತು. ದಿನಕ್ಕೆ ನಾಲ್ಕು ಲೀಟರ್ ಆಗುತ್ತದೆ. ನಮ್ಮ ಕಟ್ಟಡದಲ್ಲಿ ಅಂಥ ನಲ್ಲಿ ಹನ್ನೊಂದು ಇದ್ದವು. ಮೀಟಿಂಗ್‌ನಲ್ಲಿ ಆ ಚೊಂಬನ್ನೇ ಮೇಜಿನ ಮೇಲೆ ಇಟ್ಟು ಹೇಳಿದೆ. ಒಂದೇ ವಾರದಲ್ಲಿ ಎಲ್ಲ ವಾಷರ್ ಬದಲಾಯಿತು.

ನೀರಿನ ಲೆಕ್ಕಕ್ಕೆ ಇನ್ನೊಂದು ಪದ 'ಪರ್ ಕ್ಯಾಪಿಟಾ', ಅಂದರೆ ತಲಾ. ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಸರ್ಕಾರದ ಮಾನದಂಡ. ನಿಮ್ಮ ಸೊಸೈಟಿಯ ಮೀಟರ್ ಓದಿ, ಜನರ ಸಂಖ್ಯೆಯಿಂದ ಭಾಗಿಸಿ. ಬಂದ ಉತ್ತರ 'ಪರ್ ಕ್ಯಾಪಿಟಾ ಕನ್ಸಂಪ್ಷನ್'.

ಠಾಣೆ ನಿವಾಸಿ:

ನನ್ನದೂ ಒಂದು ಅನುಭವ. ಬಯೋಡಿಗ್ರೇಡಬಲ್ ಮತ್ತು ಕಾಂಪೋಸ್ಟಬಲ್ ಎರಡೂ ಒಂದೇ ಅಂದುಕೊಂಡಿದ್ದೆ. ಒಬ್ಬ ವ್ಯಾಪಾರಿ ನಮ್ಮ ಸೊಸೈಟಿಗೆ ಹಸಿರು ಬಣ್ಣದ ಕಸದ ಚೀಲ ತಂದುಕೊಟ್ಟ. ಮೇಲೆ ಎಲೆಯ ಚಿತ್ರ, ಬಯೋಡಿಗ್ರೇಡಬಲ್ ಅಂತ ದೊಡ್ಡ ಅಕ್ಷರ. ಚೀಲದ ಸಮೇತ ಪಿಟ್‌ಗೆ ಹಾಕಿ ಎಂದ. ನಾಲ್ಕು ತಿಂಗಳ ಮೇಲೆ ಗೊಬ್ಬರ ಜರಡಿ ಹಿಡಿದೆವು. ಗೊಬ್ಬರ ಆಗಿತ್ತು. ಜೊತೆಗೆ ಉಗುರಿನಷ್ಟು ಉಗುರಿನಷ್ಟು ಹಸಿರು ಚೂರು. ಕೈಯಲ್ಲಿ ಆರಿಸಿ ಆರಿಸಿ ಸಾಕಾಯಿತು. ಅಷ್ಟೂ ಗೊಬ್ಬರವನ್ನು ಗಿಡಕ್ಕೆ ಹಾಕಲು ಮನಸ್ಸು ಬರಲಿಲ್ಲ.

ಆಮೇಲೆ ತಿಳಿದುಕೊಂಡೆ. ಬಯೋಡಿಗ್ರೇಡಬಲ್ ಎಂದರೆ ಸೂಕ್ಷ್ಮಜೀವಿಗಳು ಒಂದಲ್ಲ ಒಂದು ದಿನ ತಿಂದು ಮುಗಿಸುತ್ತವೆ ಅಂತ ಅಷ್ಟೇ. ಯಾವಾಗ ಅನ್ನುವುದು ಆ ಪದದಲ್ಲಿ ಇಲ್ಲ. ಮರದ ದಿಮ್ಮಿಯೂ ಬಯೋಡಿಗ್ರೇಡಬಲ್ಲೇ. ಕಾಂಪೋಸ್ಟಬಲ್ ಎಂದರೆ ಗೊಬ್ಬರದ ರಾಶಿಯಲ್ಲಿ ಗೊತ್ತಾದ ಅವಧಿಯೊಳಗೆ, ವಿಷ ಬಿಡದೆ ಗೊಬ್ಬರವಾಗಬೇಕು. ಅದಕ್ಕೆ ಪರೀಕ್ಷೆ ಇದೆ, 17088 ಅನ್ನುವ ಮಾನದಂಡ ಇದೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಇರಬೇಕು. ಅದರಲ್ಲೂ ಆ ಪರೀಕ್ಷೆ ನಡೆಯುವುದು ದೊಡ್ಡ ಘಟಕಗಳ ಕಾವಿನಲ್ಲಿ, ಸುಮಾರು 58 ಡಿಗ್ರಿಯಲ್ಲಿ. ನಮ್ಮ ಸಣ್ಣ ಪಿಟ್‌ಗಳಲ್ಲಿ ಅಷ್ಟು ಕಾವು ತುಂಬ ದಿನ ನಿಲ್ಲುವುದಿಲ್ಲ. ಅದಕ್ಕೇ ನಾವು ಈಗ ಯಾವ ಚೀಲವನ್ನೂ ಹಾಕುವುದಿಲ್ಲ. ಬಕೆಟ್ಟಿನಿಂದ ನೇರವಾಗಿ ಸುರಿಯುತ್ತೇವೆ.

ಉಳಿದ ಆ ಚೂರುಗಳಿಗೂ ಪದ ಇದೆ. ಐದು ಮಿಲಿಮೀಟರಿಗಿಂತ ಚಿಕ್ಕವಾದರೆ ಮೈಕ್ರೋಪ್ಲಾಸ್ಟಿಕ್. ಅಕ್ಕ, ನಿಮ್ಮ ಡ್ರಮ್ಮಿಗೆ ಯಾರಾದರೂ ಚೀಲ ಮಾರಲು ಬಂದರೆ ಈ ಒಂದು ಪ್ರಶ್ನೆ ಕೇಳಿ: 'ಈಸ್ ಇಟ್ ಸರ್ಟಿಫೈಡ್ ಕಾಂಪೋಸ್ಟಬಲ್?'

ವಾಕಡ್ ಎಂಜಿನಿಯರ್:

ಅಕ್ಕ, ಬೇಜಾರೇನಿಲ್ಲ. ನೀವು ಹೇಳಿದ್ದು ಸರಿ. ಪಟ್ಟಿ ನೋಡಿದೆ, ಅದರಲ್ಲಿ ಲೀಚೇಟೂ ಇಲ್ಲ, ಸೀಪೇಜೂ ಇಲ್ಲ.

ನಿಮ್ಮ ಡ್ರಮ್ಮಿನ ವಾಸನೆಗೆ ಇನ್ನೆರಡು ಪದ ಬೇಕಾಗಬಹುದು, ಏರೋಬಿಕ್ ಮತ್ತು ಅನೇರೋಬಿಕ್. ಗಾಳಿಯಾಡಿದರೆ ಕಸ ಏರೋಬಿಕ್ ಆಗಿ ಕೊಳೆಯುತ್ತದೆ, ಮಣ್ಣಿನ ವಾಸನೆ ಬರುತ್ತದೆ. ನೀರು ತುಂಬಿ ಗಾಳಿ ಕಟ್ಟಿದರೆ ಅನೇರೋಬಿಕ್ ಆಗುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಎಷ್ಟು ಹಸಿ ಇರಬೇಕು ಅನ್ನುವುದಕ್ಕೂ ಮೂರು ಪದ. ಮಾಯ್ಸ್ಟ್ ಎಂದರೆ ತೇವ, ವೆಟ್ ಎಂದರೆ ಒದ್ದೆ, ಸಾಗಿ ಎಂದರೆ ನೆನೆದು ಮುದ್ದೆಯಾದದ್ದು. ಗೊಬ್ಬರ ಮಾಯ್ಸ್ಟ್ ಇರಬೇಕು. ಒಂದು ಹಿಡಿ ತೆಗೆದು ಹಿಂಡಿ ನೋಡಿ. ಒಂದೆರಡು ಹನಿ ಬಂದರೆ ಸರಿ, ಧಾರೆ ಬಂದರೆ ಸಾಗಿ. ತರಕಾರಿ ಸಿಪ್ಪೆಗೆ ಗ್ರೀನ್ಸ್, ಒಣ ಎಲೆ, ತೆಂಗಿನ ನಾರಿನ ಪುಡಿ, ಹರಿದ ರಟ್ಟಿಗೆ ಬ್ರೌನ್ಸ್ ಅನ್ನುತ್ತಾರೆ. ನಿಮ್ಮ ಡ್ರಮ್ಮಿಗೆ ಬೇಕಾಗಿರುವುದು 'ಮೋರ್ ಬ್ರೌನ್ಸ್'.

ಮಾಟುಂಗ ಹೋಟೆಲಿನವರು:

ಮೇಷ್ಟ್ರೇ, ನಿಮ್ಮಂಥವರ ರಾತ್ರಿ ಶಾಲೆಯಲ್ಲೇ ನಾನೂ ಎಸ್ಸೆಸ್ಸೆಲ್ಸಿ ಮುಗಿಸಿದ್ದು. ಉಡುಪಿಯಿಂದ ಬಂದಾಗ ಹದಿಮೂರು ವರ್ಷ. ಈಗ ಸಣ್ಣ ಹೋಟೆಲ್ ಇದೆ.

ಎಸೆಯುವುದು ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಪದ ಇದೆ ಅಂತ ಪೆಟ್ಟು ತಿಂದು ಕಲಿತೆ. ತಪಾಸಣೆಗೆ ಬಂದವರು ಒಂದು ಫಾರ್ಮ್ ಕೊಟ್ಟರು. ಕರಿದ ಎಣ್ಣೆಯನ್ನು ಏನು ಮಾಡುತ್ತೀರಿ ಅಂತ ಪ್ರಶ್ನೆ. ಅದರಲ್ಲಿ 'ಡಿಸ್ಪೋಸ್ ಆಫ್' ಅಂತ ಇತ್ತು. ನಾನು 'ಥ್ರೋ' ಅಂತ ಬರೆದೆ. ನಿಜವಾಗಿ ನಾವು ಎಸೆಯುತ್ತಿರಲಿಲ್ಲ. ಕ್ಯಾನಿನಲ್ಲಿ ತುಂಬಿ ಸಂಗ್ರಹ ಮಾಡುವವರಿಗೆ ಕೊಡುತ್ತಿದ್ದೆವು. ಆ ಒಂದು ಪದಕ್ಕೆ ಎರಡು ಸಲ ಆಫೀಸಿಗೆ ಅಲೆಯಬೇಕಾಯಿತು. ಥ್ರೋ ಅವೇ ಎಂದರೆ ಸುಮ್ನೆ ಎಸೆಯುವುದು. ಡಂಪ್ ಎಂದರೆ ಎಲ್ಲೆಂದರಲ್ಲಿ ಸುರಿಯುವುದು, ಅದು ತಪ್ಪು ಕೆಲಸ. ಡಿಸ್ಕಾರ್ಡ್ ಎಂದರೆ ಇನ್ನು ಬೇಡ ಅಂತ ಬಿಡುವುದು. ಡಿಸ್ಪೋಸ್ ಆಫ್ ಎಂದರೆ ಕ್ರಮವಾಗಿ ವಿಲೇವಾರಿ ಮಾಡುವುದು.

ಎಣ್ಣೆಯ ವಿಷಯ ಗೊತ್ತಿಲ್ಲದವರಿಗೆ: ಕಾಯಿಸಿ ಕಾಯಿಸಿ ಎಣ್ಣೆಯಲ್ಲಿ ಪೋಲಾರ್ ಕಾಂಪೌಂಡ್ ಅನ್ನುವ ಅಂಶ ಹೆಚ್ಚುತ್ತದೆ. ಅದು ಶೇಕಡಾ 25 ದಾಟಿದರೆ ಆ ಎಣ್ಣೆ ಬಳಸುವಂತಿಲ್ಲ. 2018ರ ಜುಲೈಯಿಂದ ಇದು ನಿಯಮ. ಅದೇ ವರ್ಷ ಆಹಾರ ಸುರಕ್ಷತಾ ಪ್ರಾಧಿಕಾರ ಕರಿದ ಎಣ್ಣೆಯನ್ನು ಬಯೋಡೀಸೆಲ್‌ಗೆ ಕೊಡುವ ಯೋಜನೆ ತಂದಿತು. ಅದರ ಹೆಸರಿನಲ್ಲೇ ಒಂದು ಒಳ್ಳೆಯ ಪದ ಇದೆ, ರೀಪರ್ಪಸ್. ಒಂದು ಕೆಲಸಕ್ಕೆ ಇದ್ದ ವಸ್ತುವನ್ನು ಬೇರೆ ಕೆಲಸಕ್ಕೆ ಹಚ್ಚುವುದು.

ಡೊಂಬಿವಲಿ ಅಕ್ಕ:

ಅಣ್ಣ, ಹಾಗಾದರೆ ನಮ್ಮ ಕೌದಿ ರೀಪರ್ಪಸ್ಸಾ, ರೀಯೂಸಾ, ಅಪ್‌ಸೈಕಲ್ಲಾ? ನನ್ನ ಅವ್ವ ಹಳೇ ಇಳಕಲ್ ಸೀರೆ, ಧೋತರ, ನಮ್ಮ ಲಂಗ ಎಲ್ಲ ಸೇರಿಸಿ ಹೊಲಿದ ಕೌದಿ ಇಲ್ಲಿ ನನ್ನ ಹತ್ತಿರ ಇದೆ. ಒಂದು ಮೂಲೆಯಲ್ಲಿ ನನ್ನ ಒಂದನೇ ಕ್ಲಾಸಿನ ಯೂನಿಫಾರ್ಮಿನ ನೀಲಿ ತುಂಡು ಇದೆ. ಪಕ್ಕದ ಮನೆಯವರು ನೋಡಿ 'ವಾವ್, ಅಪ್‌ಸೈಕ್ಲಿಂಗ್' ಅಂದರು.

ಕೋಥ್ರೂಡ್ ಟೀಚರ್:

ಅಕ್ಕ, ನನ್ನ ಲೆಕ್ಕದಲ್ಲಿ ಹೀಗೆ. ಜಾಮ್ ಬಾಟಲಿಗೆ ಉಪ್ಪಿನಕಾಯಿ ತುಂಬಿದರೆ ರೀಯೂಸ್. ವಸ್ತು ಹಾಗೇ ಇದೆ. ಹಳೇ ಬನಿಯನ್ ಒರೆಸುವ ಬಟ್ಟೆಯಾದರೆ ರೀಪರ್ಪಸ್. ಬಾಟಲಿ ಕರಗಿಸಿ ಬೇರೆ ಬಾಟಲಿ ಮಾಡಿದರೆ ರೀಸೈಕಲ್. ವಸ್ತು ಮುರಿದು ಮತ್ತೆ ಕಚ್ಚಾ ಮಾಲಾಗಬೇಕು. ಮೊದಲಿಗಿಂತ ಹೆಚ್ಚು ಬೆಲೆಯ ವಸ್ತು ಆದರೆ ಅಪ್‌ಸೈಕಲ್. ಕೌದಿ ಅಪ್‌ಸೈಕಲ್ ಅನ್ನುವುದೇ ಸರಿ. ಆದರೆ ಮೊದಲು ಕೌದಿ ಅಂತಲೇ ಹೇಳಿ, ಆಮೇಲೆ ವಿವರಿಸಿ.

ರೀಸೈಕಲ್ ಬಗ್ಗೆ ಒಂದು ಎಚ್ಚರ. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ 1ರಿಂದ 7ರವರೆಗೆ ಒಂದು ಅಂಕಿ ಇರುತ್ತದಲ್ಲ, ಅದನ್ನು ನೋಡಿ ರೀಸೈಕ್ಲಬಲ್ ಅಂದುಕೊಳ್ಳುತ್ತಾರೆ. ಅದು ಪ್ಲಾಸ್ಟಿಕ್ಕಿನ ಜಾತಿ ಹೇಳುವ ಗುರುತು ಮಾತ್ರ. 1 ನೀರಿನ ಬಾಟಲಿಯ ಪೆಟ್, 4 ಹಾಲಿನ ಚೀಲದ್ದು, 6 ಥರ್ಮಾಕೋಲ್. ರೀಸೈಕ್ಲಬಲ್ ಹೌದೋ ಅಲ್ಲವೋ ಅನ್ನುವುದು ನಿಮ್ಮ ಊರಿನಲ್ಲಿ ಅದನ್ನು ಕೊಳ್ಳುವವರು ಇದ್ದಾರೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ.

ನನಗೆ ಇದನ್ನೆಲ್ಲ ಕಲಿಸಿದ್ದು ನಮ್ಮ ಮನೆಗೆ ಕಸ ತೆಗೆದುಕೊಳ್ಳಲು ಬರುವ ತಾಯಿ. ಅವರು ಅಂಕಿ ನೋಡುವುದಿಲ್ಲ. ಚೀಲವನ್ನು ಕಿವಿಯ ಹತ್ತಿರ ಹಿಡಿದು ಮುರುಟುತ್ತಾರೆ. ಚರಚರ ಅಂದರೆ ಒಂದು ಕಡೆ, ಸದ್ದಿಲ್ಲದೆ ಮೆತ್ತಗಿದ್ದರೆ ಇನ್ನೊಂದು ಕಡೆ. ಒಂದೂ ತಪ್ಪುವುದಿಲ್ಲ.

ಅದಕ್ಕೇ ಒಂದು ಪದದ ಬಗ್ಗೆ ನಾನು ಜಗಳವಾಡುತ್ತೇನೆ. ರ‍್ಯಾಗ್‌ಪಿಕರ್ ಅನ್ನಬೇಡಿ. ಚಿಂದಿ ಆಯುವವರು ಅಂದ ಹಾಗೆ ಅದು. ವೇಸ್ಟ್ ಪಿಕರ್ ಅನ್ನಿ. ಪುಣೆಯಲ್ಲಿ ಈ ಹೆಂಗಸರು 1993ರಲ್ಲೇ ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್ ಅನ್ನುವ ಸಂಘಟನೆ ಕಟ್ಟಿಕೊಂಡರು. ಆಮೇಲೆ ಸ್ವಚ್ ಅನ್ನುವ ಸಹಕಾರಿ ಸಂಸ್ಥೆ ಬಂತು. ಮನೆಮನೆಯಿಂದ ಕಸ ತೆಗೆಯುವ ಕೆಲಸ ಅವರದೇ. 2016ರ ಘನತ್ಯಾಜ್ಯ ನಿಯಮದಲ್ಲೂ ವೇಸ್ಟ್ ಪಿಕರ್ ಎಂದೇ ಇತ್ತು. ಕಾನೂನೇ ಕೊಟ್ಟ ಪದವನ್ನು ನಮ್ಮ ಮೀಟಿಂಗ್‌ಗಳಲ್ಲಿ ಬಳಸಲು ಏನು ಕಷ್ಟ? 'ಕಚ್ರಾವಾಲಿ' ಅಂತ ಕರೆಯುವವರ ಬಾಯಲ್ಲಿ ಸಸ್ಟೈನಬಿಲಿಟಿ ಪದ ಬಂದರೆ ನನಗೆ ಸಂಕಟವಾಗುತ್ತದೆ.

ಪುಣೆ ಕನ್ನಡಿಗ:

ಎಲ್ಲ ಸರಿ. ಆದರೆ ಇಷ್ಟೆಲ್ಲ ಇಂಗ್ಲಿಷ್ ಯಾಕೆ? ಪರಿಸರ, ಅಂತರ್ಜಲ, ಹೂಳು, ಗೊಬ್ಬರ ನಮ್ಮಲ್ಲೇ ಇವೆ. ಮರಾಠಿಯವರು ಹಸಿ ಕಸ, ಒಣ ಕಸಕ್ಕೆ ಓಲಾ ಕಚ್ರಾ, ಸುಕಾ ಕಚ್ರಾ ಅಂತ ತಮ್ಮ ಭಾಷೆಯಲ್ಲೇ ಹೇಳುತ್ತಾರೆ. ನಾವು ಮಾತ್ರ ಬಿಡಬೇಕಾ?

ಡೊಂಬಿವಲಿ ಅಕ್ಕ:

ಅಣ್ಣ, ನಾನು ಬಿಡುತ್ತಿಲ್ಲ. ನನ್ನ ಮನೆಯಲ್ಲಿ, ನಿಮ್ಮೊಂದಿಗೆ ಎಲ್ಲ ಕನ್ನಡವೇ. ಆದರೆ ಆ ಮೀಟಿಂಗ್‌ನಲ್ಲಿ ಕೂತಿರುವ ಬಂಗಾಳಿ ಅಜ್ಜಿಗೆ ನನ್ನ ಕನ್ನಡ ತಿಳಿಯುವುದಿಲ್ಲ, ನನಗೆ ಅವರ ಬಂಗಾಳಿ ತಿಳಿಯುವುದಿಲ್ಲ. ಇಬ್ಬರೂ ಒಂದೇ ಡ್ರಮ್ಮಿಗೆ ಕಸ ಹಾಕುತ್ತೇವೆ. ಒಂದು ಸೇತುವೆ ಬೇಕಲ್ಲ.

ಹೂಳು ಅಂದಿರಿ. ಅದಕ್ಕೆ ಇಂಗ್ಲಿಷಿನಲ್ಲಿ ಏನು? ಇಲ್ಲಿ ಪ್ರತಿ ಮೇ ತಿಂಗಳಲ್ಲಿ ನಾಲೆಯಿಂದ ಎತ್ತಿ ರಸ್ತೆ ಬದಿ ಗುಡ್ಡೆ ಹಾಕುತ್ತಾರೆ.

ಮುಲುಂಡ್ ಮೇಷ್ಟ್ರು:

ಸಿಲ್ಟ್. ಎತ್ತುವ ಕೆಲಸ ಡಿಸಿಲ್ಟಿಂಗ್. ಮುಂಬೈಯವರು ಈ ಪದ ಮರೆಯುವ ಹಾಗೇ ಇಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಮಿಠಿ ನದಿ ಊರೊಳಗೆ ಬಂತು. ಆವತ್ತು ನಾನು ಕುರ್ಲಾದಿಂದ ಮುಲುಂಡ್‌ಗೆ ಹಳಿಯ ಮೇಲೆ ನಡೆದು ಬಂದೆ, ಎದೆಯವರೆಗೆ ನೀರು. ಆಮೇಲೆ ಎಲ್ಲರ ಬಾಯಲ್ಲೂ ಸಿಲ್ಟ್, ಎನ್ಕ್ರೋಚ್ಮೆಂಟ್, ಮ್ಯಾಂಗ್ರೋವ್ ಅನ್ನುವ ಪದಗಳೇ. ಎನ್ಕ್ರೋಚ್ಮೆಂಟ್ ಅಂದರೆ ಒತ್ತುವರಿ. ಮ್ಯಾಂಗ್ರೋವ್ ಅಂದರೆ ಕಾಂಡ್ಲಾ. ಕಾರವಾರ, ಕುಂದಾಪುರ ಕಡೆಯವರಿಗೆ ಹೇಳಬೇಕಾಗಿಯೇ ಇಲ್ಲ.

ಹಾಗೇ ಇನ್ನು ಮೂರು. ಮನೆಗಳ ಕೊಳಚೆ ನೀರು ಸೂಯೇಜ್. ಅದು ಹರಿಯುವ ಪೈಪು, ಚೇಂಬರ್ ಎಲ್ಲ ಸೇರಿ ಸೂಯರೇಜ್. ಕಾರ್ಖಾನೆ ಬಿಡುವ ನೀರು ಎಫ್ಲುಯೆಂಟ್. ನಿಮ್ಮ ಡೊಂಬಿವಲಿಯಲ್ಲಿ ಕಾರ್ಖಾನೆಗಳ ಪ್ರದೇಶ ಇದೆಯಲ್ಲ, ನಾಲೆಯ ನೀರಿಗೆ ಬಣ್ಣ ಬಂದರೆ ದೂರಿನಲ್ಲಿ ಸೂಯೇಜ್ ಅಂತ ಬರೆಯಬೇಡಿ. ಸೂಯೇಜ್ ಎಂದರೆ ಪಾಲಿಕೆಗೆ ಹೋಗುತ್ತದೆ. ಎಫ್ಲುಯೆಂಟ್ ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೋಗಬೇಕು.

ಬಚ್ಚಲ ನೀರಿಗೆ ಗ್ರೇವಾಟರ್. ಊರಲ್ಲಿ ಬಚ್ಚಲ ನೀರು ಬಾಳೆ ಬುಡಕ್ಕೆ, ಬಸಳೆ ಚಪ್ಪರಕ್ಕೆ ಹೋಗುತ್ತಿತ್ತಲ್ಲ, ಈಗ ಹೊಸ ಕಟ್ಟಡಗಳಲ್ಲಿ ಅದನ್ನೇ ಪೈಪ್ ಹಾಕಿ ಮಾಡುತ್ತಾರೆ.

ವಾಸ್ಕೋ ಹುಡುಗ:

ನಾನು ಗೋವಾದಿಂದ. ಅಪ್ಪ ಹಾವೇರಿ ಕಡೆಯವರು, ಕೂಲಿಗೆ ವಾಸ್ಕೋಗೆ ಬಂದವರು. ನಾನು ಹುಟ್ಟಿದ್ದು, ಬೆಳೆದದ್ದು ಇಲ್ಲೇ. ಪಣಜಿಯಲ್ಲಿ ಕೆಲಸ.

ಆಫೀಸಿನಲ್ಲಿ ಗೋವಾ, ಕರ್ನಾಟಕದ ನಡುವಿನ ಮಹದಾಯಿ ನದಿ ನೀರಿನ ಜಗಳದ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಅಲ್ಲಿ ನನಗೆ ತಿಳಿದದ್ದು, ಕ್ರಿಯಾಪದ ಆರಿಸುವಾಗಲೇ ಪಕ್ಷ ಆರಿಸಿದ ಹಾಗೆ ಆಗುತ್ತದೆ. ಇಲ್ಲಿಯವರು ಡೈವರ್ಟ್ ಅನ್ನುತ್ತಾರೆ, ತಿರುಗಿಸುವುದು. ಹುಬ್ಬಳ್ಳಿಯ ನನ್ನ ಮಾವ ಶೇರ್ ಅನ್ನುತ್ತಾರೆ, ಹಂಚಿಕೊಳ್ಳುವುದು. ನ್ಯಾಯಮಂಡಳಿ 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ 13.42 ಟಿಎಂಸಿ ಕೊಟ್ಟಿತು. ಅದಕ್ಕೆ ಅಲೊಕೇಟ್ ಅಂದರೆ ಯಾರೂ ತಕರಾರು ಮಾಡುವುದಿಲ್ಲ. ನಾನು ಆ ಪದ ಹಿಡಿದುಕೊಂಡೆ. ಹೇಡಿತನಕ್ಕೆ ಅಲ್ಲ. ನಾನು ಗೋವಾದ ನೀರು ಕುಡಿದು ಬೆಳೆದವನು, ಮಾವನ ಮನೆಯಲ್ಲಿ ಹತ್ತು ದಿನಕ್ಕೊಮ್ಮೆ ನಲ್ಲಿ ಬಂದದ್ದನ್ನೂ ಕಂಡವನು. ಎರಡೂ ನಿಜ.

ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಸುಮಾರು 2,831 ಕೋಟಿ ಲೀಟರ್. ಮುಂಬೈ ಪಾಲಿಕೆ ದಿನಕ್ಕೆ ಕೊಡುವ ನೀರು 390 ಕೋಟಿ ಲೀಟರಿನ ಆಸುಪಾಸು. ಅಂದರೆ ಒಂದು ಟಿಎಂಸಿ ಮುಂಬೈಗೆ ಒಂದು ವಾರದ ನೀರು. ಬೇಸಿನ್ ಅನ್ನುವ ಪದವೂ ಬೇಕಾಗುತ್ತದೆ, ನದಿಕೊಳ್ಳ. ಮಹದಾಯಿ ಪಶ್ಚಿಮಕ್ಕೆ ಹರಿದು ಸಮುದ್ರ ಸೇರುತ್ತದೆ, ಮಲಪ್ರಭಾ ಪೂರ್ವಕ್ಕೆ ಹರಿದು ಕೃಷ್ಣೆ ಸೇರುತ್ತದೆ. ಬೇರೆ ಬೇರೆ ಬೇಸಿನ್. ಗೋವಾದವರ ವಾದದ ತಿರುಳು ಇದೇ.

ಇನ್ನೊಂದು ಗಣಿಯ ಪದ, ಓವರ್‌ಬರ್ಡನ್. ಅದಿರಿನ ಮೇಲಿನ ಮಣ್ಣು. ಅದನ್ನು ತೆಗೆದು ಗುಡ್ಡೆ ಹಾಕುತ್ತಾರೆ, ಮಳೆಗೆ ಕೆಂಪು ನೀರಾಗಿ ಗದ್ದೆಗೆ ಇಳಿಯುತ್ತದೆ. ಆ ಇಳಿಯುವ ನೀರು ರನ್‌ಆಫ್. 2012ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿತು, 2018ರಲ್ಲಿ ಮತ್ತೆ 88 ಲೀಸ್ ರದ್ದಾದವು. ನಮ್ಮ ಓಣಿಯ ಎಷ್ಟೋ ಕನ್ನಡದ ಡ್ರೈವರ್‌ಗಳು, ಕ್ಲೀನರ್‌ಗಳು ಊರಿಗೆ ವಾಪಸ್ ಹೋದರು.

ಒಂದು ಪ್ರಶ್ನೆ: ಕಲ್ಲಿದ್ದಲು ಲಾರಿ ಹೋಗುವ ದಾರಿಯಲ್ಲಿ ಒಣಗಲು ಹಾಕಿದ ಬಟ್ಟೆಯ ಮೇಲೆ ಕೂರುವ ಕಪ್ಪಿಗೆ 'ಸೂಟ್' ಅನ್ನಬಹುದಾ?

ಮುಲುಂಡ್ ಮೇಷ್ಟ್ರು:

ಇಲ್ಲ ಮಗ. ಸೂಟ್ ಅಂದರೆ ಇಲ್ಲಣ, ಮಸಿ. ಉರಿದ ಮೇಲೆ ಹೊಗೆಯಿಂದ ಕೂರುವುದು. ಹಳೇ ಅಡುಗೆ ಮನೆಯ ಜಂತೆಗೆ ನೇತಾಡುತ್ತದಲ್ಲ, ಅದು. ನಿನ್ನ ಬಟ್ಟೆಯ ಮೇಲಿರುವುದು ಉರಿಯದ ಕಲ್ಲಿದ್ದಲ ಪುಡಿ, ಕೋಲ್ ಡಸ್ಟ್. ದೂರು ಬರೆದರೆ ಹಾಗೇ ಬರೆ. ಸೂಟ್ ಅಂದರೆ ಯಾವುದೋ ಬೇಕರಿಯ ಚಿಮಣಿ ಹುಡುಕುತ್ತಾರೆ.

ನವಿ ಮುಂಬೈ ವಿದ್ಯಾರ್ಥಿನಿ:

ಮೇಷ್ಟ್ರೇ, ನನಗೆ ಮುಂದಿನ ತಿಂಗಳು ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ ಇದೆ. ಕನ್ಸರ್ವ್, ಪ್ರಿಸರ್ವ್, ಸೇವ್ ಯಾವಾಗಲೂ ಗೊಂದಲ.

ಮುಲುಂಡ್ ಮೇಷ್ಟ್ರು:

ಪ್ರಿಸರ್ವ್ ಅಂದರೆ ಉಪ್ಪಿನಕಾಯಿ ಮಗಳೇ. ಕೆಡದ ಹಾಗೆ, ಇದ್ದ ಹಾಗೇ ಕಾಪಾಡುವುದು. ಕನ್ಸರ್ವ್ ಅಂದರೆ ಮೇ ತಿಂಗಳ ನೀರು. ಬಳಸುತ್ತೀಯ, ಆದರೆ ಅಳೆದು ಬಳಸುತ್ತೀಯ. ಸೇವ್ ಎರಡಕ್ಕೂ ನಡೆಯುತ್ತದೆ, ಪರೀಕ್ಷೆಯಲ್ಲಿ ಕಡಿಮೆ ಬಳಸು. ಸಸ್ಟೈನಬಲ್ ಪದಕ್ಕೆ 1987ರ ವಿಶ್ವಸಂಸ್ಥೆ ಆಯೋಗದ ವರದಿಯ ಅರ್ಥ ನೆನಪಿಟ್ಟುಕೋ: ಮುಂದಿನವರ ಪಾಲಿಗೆ ಕುತ್ತು ತರದೆ ಇಂದಿನ ಅಗತ್ಯ ನೋಡಿಕೊಳ್ಳುವುದು. ಎನ್ವೈರನ್ಮೆಂಟ್ ಬರೆಯುವಾಗ ನಡುವಿನ 'ಎನ್' ಬಿಡಬೇಡ. ನನ್ನ ಅರ್ಧ ಕ್ಲಾಸ್ ಬಿಡುತ್ತಿತ್ತು.

ಡೊಂಬಿವಲಿ ಅಕ್ಕ:

ಮೀಟಿಂಗ್ ಇವತ್ತು ಮುಗಿಯಿತು. ಮನೆಗೆ ಬಂದ ಕೂಡಲೇ ಬರೆಯುತ್ತಿದ್ದೇನೆ.

ಮೂರು ವಾಕ್ಯ ಹೇಳಿದೆ. ಕೈ ನಡುಗುತ್ತಿತ್ತು, ಮಾತು ನಿಲ್ಲಲಿಲ್ಲ. ಆಮೇಲೆ ಮೇಷ್ಟ್ರು ಚೊಂಬು ಇಟ್ಟ ಹಾಗೆ ನಾನು ಎರಡು ಗಾಜಿನ ಬಾಟಲಿ ಮೇಜಿನ ಮೇಲೆ ಇಟ್ಟೆ. ಒಂದರಲ್ಲಿ ಡ್ರಮ್ಮಿನ ರಸ, ಒಂದರಲ್ಲಿ ಚೇಂಬರಿನ ನೀರು. 'ದಿಸ್ ಈಸ್ ಲೀಚೇಟ್, ದಟ್ ಈಸ್ ಸೂಯೇಜ್' ಎಂದೆ. ಮುಚ್ಚಳ ತೆಗೆಯಬೇಕಾಗಿ ಬರಲಿಲ್ಲ. ಸೆಕ್ರೆಟರಿ ಸ್ಪೆಲಿಂಗ್ ಕೇಳಿದರು. ನಾನೇ ಒಂದೊಂದಾಗಿ ಅಕ್ಷರ ಹೇಳಿದೆ, ಅವರು ಬರೆದುಕೊಂಡರು. 'ವಾಸನೆ ಹೋಗಲು ಏನು ಮಾಡಬೇಕು' ಅಂತ ಬಂಗಾಳಿ ಅಜ್ಜಿ ಕೇಳಿದರು. 'ಮೋರ್ ಬ್ರೌನ್ಸ್' ಎಂದೆ. ಅದು ಅವರಿಗೆ ತಿಳಿಯಲಿಲ್ಲ. 'ಡ್ರೈ ಲೀವ್ಸ್' ಎಂದ ಮೇಲೆ ತಿಳಿಯಿತು.

ಡ್ರಮ್ ಮಾರ್ಚ್‌ವರೆಗೆ ಉಳಿಯಿತು. ಪ್ರತಿ ಮಹಡಿಯಲ್ಲಿ ಬಸಿಯಲು ಒಂದು ಜಾಲರಿ ಬಕೆಟ್ ಇಡುತ್ತಾರೆ. ಇಬ್ಬರು ಇನ್ನೂ ಬೇಡ ಅನ್ನುತ್ತಿದ್ದಾರೆ, ಅವರ ಮನೆ ಡ್ರಮ್ಮಿನ ಮೇಲೆಯೇ ಇದೆ, ಅವರ ಕಷ್ಟವೂ ನಿಜ. ಡ್ರಮ್ ಹಿಂದಿನ ಗೋಡೆಯ ಕಡೆ ಸರಿಸುವ ಮಾತಾಗಿದೆ. ಸೋಮವಾರ ಗಾರ್ಡನ್‌ನವನು ನಾಲ್ಕು ಮೂಟೆ ಒಣ ಎಲೆ ತರುತ್ತಾನೆ.

ಮೇಷ್ಟ್ರೇ, ದೀಪಾವಳಿ ಹೊತ್ತಿಗೆ ಮೊದಲ ಡ್ರಮ್ ಜರಡಿ ಹಿಡಿಯುತ್ತೇವೆ. ನಿಮಗೆ ಎಷ್ಟು ಗೊಬ್ಬರ ಬೇಕು ಹೇಳಿ. ಮುಲುಂಡ್‌ಗೆ ನಾನೇ ಲೋಕಲ್‌ನಲ್ಲಿ ತಂದುಕೊಡುತ್ತೇನೆ.

ಮುಲುಂಡ್ ಮೇಷ್ಟ್ರು:

ಎರಡು ಕಿಲೋ ಸಾಕು ತಂಗಿ. ಕಿಟಕಿಯಲ್ಲಿ ಒಂದು ತುಳಸಿ, ಒಂದು ಕರಿಬೇವು ಇದೆ. ಭಾನುವಾರ ಬನ್ನಿ, ಗಾಡಿ ಖಾಲಿ ಇರುತ್ತದೆ.